ಎಂಟನೇ ನಂಬರಿನ ತಿರುವು

ಕೋಥ್ರೂಡ, ಪುಣೆ
ಜೂನ್ 30, 2025

ಮಾನ್ಯ ಶ್ರೀ ಮಧುಕರ ಮಾಸ್ತರರಿಗೆ,
ದೈಹಿಕ ಶಿಕ್ಷಕರು, ಹುಡುಗಿಯರ ಖೋ-ಖೋ ತಂಡದ ತರಬೇತುದಾರರು ಮತ್ತು, ನನ್ನ ಕೈಯಲ್ಲಿ ಇಲ್ಲದ ಕಾರಣಗಳಿಂದ, ನನ್ನ ಸೋದರಮಾವ.

ತಾವು ಕೆಳಗಿನ ಮಹಡಿಯಲ್ಲಿದ್ದೀರಿ, ನಾನು ಮೇಲಿನದರಲ್ಲಿ. ಹೋದ ಅಕ್ಟೋಬರ್‌ನಿಂದ ನಡುವಿನ ಮೆಟ್ಟಿಲುಗಳ ಮೇಲೆ ನಮ್ಮಿಬ್ಬರ ಒಂದು ಮಾತೂ ಇಳಿದಿಲ್ಲ, ಒಂದು ಮಾತೂ ಹತ್ತಿಲ್ಲ. ಅಮ್ಮ ತಮಗೆ ಕಳಿಸುವ ಊಟದ ಡಬ್ಬಿ ಮಾತ್ರ ದಿನವೂ ಇಳಿಯುತ್ತದೆ, ದಿನವೂ ಹತ್ತುತ್ತದೆ. ನಮ್ಮ ಜಗಳದ ವಿಷಯವನ್ನು ಅದಕ್ಕೆ ಯಾರೂ ತಿಳಿಸಿದಂತಿಲ್ಲ. ಆದ್ದರಿಂದ ಈ ಅರ್ಜಿಯನ್ನು ಅದರ ಚೀಲದಲ್ಲಿಯೇ ಇಡುತ್ತಿದ್ದೇನೆ.

ಪುಣೆಯ ಶಾಲಾಮಕ್ಕಳೇ ತಯಾರಿಸುವ ಕ್ರೀಡಾ ಸಾಕ್ಷ್ಯಚಿತ್ರಗಳ ಸ್ಪರ್ಧೆಯೊಂದಿದೆ. ನಮ್ಮ ಕನ್ನಡ ಶಾಲೆಯಿಂದ ಒಂದು ಚಿತ್ರ ಹೋಗುತ್ತದೆ. ನಿರ್ದೇಶನ: ಒಂಬತ್ತನೇ ತರಗತಿಯ ಕುಮಾರಿ ಸುರಭಿ, ಅಂದರೆ ನಾನು. ಕಂಪ್ಯೂಟರಿನ ಕೆಲಸ: ಅದೇ ತರಗತಿಯ ಅಮೇಯ. ವಸ್ತು: ತಮ್ಮ ಖೋ-ಖೋ ತಂಡ. ಆಯ್ಕೆಯಾದೆವೆಂದು ತಾವು ಹೆಮ್ಮೆಪಡಬೇಕಾಗಿಲ್ಲ; ನಮ್ಮ ಶಾಲೆಯಲ್ಲಿ ಉಳಿದಿರುವ ಇನ್ನೊಂದು ಕ್ರೀಡೆ ಕೇರಂ. ಚಿತ್ರದ ಜೊತೆಗೆ ಒಂದು ವೆಬ್‌ಸೈಟ್ ಕೂಡ ಬರುತ್ತದೆ. ಚಿಕ್ಕ ಮಕ್ಕಳು ಅದನ್ನು ನೋಡಿ ಆಟ ಕಲಿಯಬೇಕು, ಅವರಿಗೆ ಅರ್ಥವಾಗುವ ಹಾಗೆ ಇರಬೇಕು ಎಂಬುದು ಸ್ಪರ್ಧೆಯ ನಿಯಮ.

ನನಗೆ ಎರಡು ಬೇಕು. ಅಕ್ಟೋಬರ್‌ನ ಜಿಲ್ಲಾ ಫೈನಲ್‌ವರೆಗೆ ಅಭ್ಯಾಸವನ್ನು ಚಿತ್ರೀಕರಿಸಲು ಅನುಮತಿ. ಮತ್ತು ಕ್ಯಾಮೆರಾದ ಮುಂದೆ ಒಂದೇ ಒಂದು ಪ್ರಶ್ನೆಗೆ ಉತ್ತರ. ಪ್ರಶ್ನೆ ಇದು: ಹೋದ ವರ್ಷದ ಫೈನಲ್‌ನಲ್ಲಿ ಎಂಟನೇ ನಂಬರಿನ ಆಟಗಾರ್ತಿಯನ್ನು, ಇಡೀ ಸೀಸನ್ ತಂಡವನ್ನು ಹೊತ್ತುಕೊಂಡು ಬಂದವಳನ್ನು, ಪಂದ್ಯ ಮುಗಿಯುವವರೆಗೂ ಬೆಂಚಿನ ಮೇಲೆ ಯಾಕೆ ಕೂರಿಸಿದಿರಿ?

ಆ ಆಟಗಾರ್ತಿ ನಾನೇ ಎಂಬುದು ಕೇವಲ ಕಾಕತಾಳೀಯ.

ತಮ್ಮ ವಿಧೇಯಳಲ್ಲದ,
ಸುರಭಿ

ತಾ.ಕ.: ಇಂದು ಎಣ್ಣೆಗಾಯಿ. ಅರ್ಜಿಗೆ ಎಣ್ಣೆ ತಗಲಿದ್ದರೆ ಜವಾಬ್ದಾರಿ ಅಮ್ಮನದು.


ಜುಲೈ 2, 2025

ಖ್ಯಾತ ಚಿತ್ರ ನಿರ್ದೇಶಕಿ ಸುರಭಿಬಾಯಿಯವರಿಗೆ,

ಅರ್ಜಿ ತಲುಪಿತು. ಎಣ್ಣೆ ತಗಲಿತ್ತು. ಇಡೀ ಅರ್ಜಿಯಲ್ಲಿ ರುಚಿ ಇದ್ದದ್ದು ಅಷ್ಟು ಜಾಗದಲ್ಲಿ ಮಾತ್ರ.

ಅನುಮತಿ ಇಲ್ಲ. ಖೋ-ಖೋದಲ್ಲಿ ಬೆನ್ನಟ್ಟುವ ತಂಡದವರು ಸಾಲಾಗಿ ಕುಕ್ಕರಗಾಲಲ್ಲಿ ಕೂರುತ್ತಾರೆ. ಗೆಳತಿ ಬೆನ್ನ ಹಿಂದೆ ಬಂದು ಮುಟ್ಟಿ, ಬಾಯಿಬಿಟ್ಟು ‘ಖೋ’ ಎನ್ನುವ ತನಕ ಏಳುವಂತಿಲ್ಲ. ಎದ್ದರೆ ಫೌಲ್. ನಿಮ್ಮ ಚಿಕ್ಕ ಮಕ್ಕಳಿಗೆ ಇದನ್ನೇ ಮೊದಲು ಕಲಿಸಿ, ಯಾಕೆಂದರೆ ನಿರ್ದೇಶಕರಿಗೇ ಬಂದಿಲ್ಲ. ಹೋದ ಅಕ್ಟೋಬರ್‌ನಲ್ಲಿ ಯಾರೂ ಖೋ ಕೊಡದೆ ತಾವು ಎದ್ದಿರಿ. ಜರ್ಸಿಯನ್ನು ನನ್ನ ಮೇಜಿನ ಮೇಲೆ ಎಸೆದು ಹೊರಟಿರಿ. ಹಾಗೆ ಎದ್ದು ಹೋದವರು ಕ್ಯಾಮೆರಾ ಹಿಡಿದು ಮರಳಿ ಬಂದರೆ ಫೌಲ್ ಕಲೆಯಾಗುವುದಿಲ್ಲ.

ಆ ಎಂಟನೇ ನಂಬರಿನ ಜರ್ಸಿ ಈಗ ರಕ್ಷಿತಾಳ ಮೈಮೇಲಿದೆ. ಕೊಳೆಯಾಗಿತ್ತು, ಒಗೆಸಿ ಕೊಟ್ಟೆ.

ಇನ್ನೊಂದು ದೂರು. ಬೆಳಿಗ್ಗೆ ಐದೂವರೆಗೆ ನನ್ನ ತಲೆಯ ಮೇಲೆ ದಡದಡ ಸದ್ದಾಗುತ್ತದೆ. ಛಾವಣಿಯ ಸುಣ್ಣ ಚಹಾದಲ್ಲಿ ಬೀಳುತ್ತದೆ. ಹಗ್ಗದಾಟ ಆಡುವವರು ಯಾರಾದರೂ ಮೇಲಿದ್ದರೆ, ನಿವೃತ್ತ ಆಟಗಾರರಿಗೆ ಇದು ಶೋಭಿಸದೆಂದು ತಿಳಿಸುವುದು.

ಮಧುಕರ
(‘ಮಾಮಾ’ ಎಂಬ ಹುದ್ದೆಗೆ ಸದ್ಯ ರಾಜೀನಾಮೆ ಕೊಟ್ಟಿದ್ದೇನೆ.)


ಜುಲೈ 5, 2025

ಮಾಜಿ ಮಾಮಾ ಅವರಿಗೆ,

ಸದ್ದಿನ ಬಗ್ಗೆ ಮೊದಲು. ಅದು ಮಿಕ್ಸರ್. ಅಮ್ಮ ಶೇಂಗಾ ಚಟ್ನಿ ಮಾಡುತ್ತಾಳೆ. ತಾವು ದಿನವೂ ತಿನ್ನುವುದು ಅದನ್ನೇ, ಆದ್ದರಿಂದ ದೂರನ್ನು ನುಂಗಿಕೊಳ್ಳುವುದು.

ತಮ್ಮ ನಿರಾಕರಣೆಯನ್ನು ಹೆಡ್‌ಮಿಸ್ ಸ್ವರ್ಣಲತಾ ಮೇಡಂ ಅವರಿಗೆ ತೋರಿಸಿದೆ. ಮೇಡಂ ಕನ್ನಡಕ ಹಾಕಿಕೊಂಡು ಓದಿದರು, ಕನ್ನಡಕ ತೆಗೆದು ನಕ್ಕರು. “ಇವರು ಮಕ್ಕಳಿಗೆ ಆಟ ಕಲಿಸ್ಲಿಕ್ಕೆ ಇರುವುದಾ, ಕೋರ್ಟು ನಡೆಸ್ಲಿಕ್ಕಾ ಮಾರಾಯ್ತಿ? ನೀನು ಕ್ಯಾಮೆರಾ ರೆಡಿ ಮಾಡು. ನಾನು ಮಾತಾಡ್ತೇನೆ ಅವರ ಹತ್ರ.” ಕುಂದಾಪುರದ ಕಡೆಯವರು ‘ಮಾತಾಡ್ತೇನೆ’ ಎಂದರೆ ಮಾತು ಮುಗಿದಿದೆ ಎಂದು ಅರ್ಥ. ತಮಗೆ ನಾಳೆ ತಿಳಿಯುತ್ತದೆ.

ಚಿತ್ರದ ಮೊದಲ ದೃಶ್ಯ ನನ್ನ ಕಣ್ಣಮುಂದೆ ಈಗಲೇ ಇದೆ. ಸಾಲಾಗಿ ಕೂತ ಹುಡುಗಿಯರು, ಒಬ್ಬಳ ಮುಖ ಈ ಕಡೆ, ಪಕ್ಕದವಳದ್ದು ಆ ಕಡೆ. ಒಂದೇ ತಂಡ, ಒಂದೇ ಸಾಲು, ಆದರೂ ಅರ್ಧ ಜನ ಉಳಿದರ್ಧಕ್ಕೆ ಬೆನ್ನು ತಿರುಗಿಸಿ ಕೂತಿರುತ್ತಾರೆ. ಈ ದೃಶ್ಯಕ್ಕೆ ತಮ್ಮನ್ನು ನೋಡಿಯೇ ಸ್ಫೂರ್ತಿ ಬಂತು.

ಪ್ರಶ್ನೆ ಹಾಗೆಯೇ ನಿಂತಿದೆ. ನಾನೂ.

ಸುರಭಿ


ಜುಲೈ 14, 2025

ನಿರ್ದೇಶಕಿಯವರಿಗೆ,

ಮೇಡಂ ಮಾತಾಡಿದರು. ನಾನು ಕೇಳಿಸಿಕೊಂಡೆ. ಬಾಯಿ ತೆರೆದದ್ದು ಒಮ್ಮೆ ಮಾತ್ರ, ಅದೂ ಆಕಳಿಕೆಗೆ.

ಹಾಗಾಗಿ ಬರಬಹುದು. ಆದರೆ ಕ್ಯಾಮೆರಾ ನಿಲ್ಲುವುದು ನೀರಿನ ಟಾಕಿಯ ಪಕ್ಕದಲ್ಲಿ, ಬೇರೆಲ್ಲೂ ಅಲ್ಲ. ಅಲ್ಲಿಂದ ಒಂದು ಹೆಜ್ಜೆ ಆಚೆ ಈಚೆ ಸರಿದರೆ ಕ್ಯಾಮೆರಾ ಟಾಕಿಯೊಳಗೆ ಇರುತ್ತದೆ. ಮೈದಾನದ ಆಚೆ ಬದಿಗೆ ಹೋಗುವಂತಿಲ್ಲ. ಹುಡುಗಿಯರಿಗೆ ‘ಇನ್ನೊಮ್ಮೆ ಓಡು, ನಗುತ್ತಾ ಓಡು’ ಎಂದೆಲ್ಲ ಹೇಳುವಂತಿಲ್ಲ. ನನ್ನ ಮೈದಾನದಲ್ಲಿ ಕೇಳಬೇಕಾದ ಶಬ್ದ ಒಂದೇ, ಅದು ‘ಖೋ’. ನನ್ನ ಮುಖವನ್ನು ತೆಗೆಯುವಂತಿಲ್ಲ. ತೆಗೆದರೆ ಮಕ್ಕಳು ಅಂಜುತ್ತಾರೆ, ವೆಬ್‌ಸೈಟ್ ಮುಚ್ಚುತ್ತದೆ; ನಿಮ್ಮ ಹಿತಕ್ಕೇ ಹೇಳುತ್ತಿದ್ದೇನೆ.

ಆ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ಮಳೆ ನಿಂತರೂ ಇಲ್ಲ, ದೀಪಾವಳಿ ಬಂದರೂ ಇಲ್ಲ.

ಮಧುಕರ


ಜುಲೈ 26, 2025

ಅಣ್ಣಾಗ, ಮತ್ತ ಸುರಭಿಗ,

ನನ್ನ ಡಬ್ಬಿ ಚೀಲ ಪೋಸ್ಟ್ ಆಫೀಸ್ ಅಲ್ಲ. ನಿನ್ನೆ ನಿಮ್ಮ ಕಾಗದ ತುರುಕಿ ತುರುಕಿ ಚಟ್ನಿ ಡಬ್ಬಿ ಮುಚ್ಚಳ ಸಡಿಲ ಆಗಿ ಮೆಟ್ಟಿಲ ಮ್ಯಾಲೆಲ್ಲಾ ಚಟ್ನಿ. ಎದುರು ಮನಿ ವಹಿನಿ ಬಂದು “ಕಾಯ್ ಝಾಲಂ?” ಅಂತ ಕೇಳಿದ್ರು. ಏನ್ ಆಗೇದ ಅಂತ ನಾ ಯಾವ ಭಾಷಾದಾಗ ಹೇಳ್ಲಿ? ಒಂದಽ ಕಟ್ಟಡದಾಗ ಇದ್ದು, ಒಂದಽ ಒಲಿ ಮ್ಯಾಲಿನ ಅಡಗಿ ಉಂಡು, ಮಾರಿ ನೋಡದಽ ವರ್ಷ ಆಗಾಕ ಬಂತು ಅಂತ ಹೇಳ್ಲ್ಯಾ?

ಬರೀರಿ, ನಾ ಬ್ಯಾಡ ಅನ್ನೂದಿಲ್ಲ. ಆದ್ರ ಕಾಗದ ಪ್ಲಾಸ್ಟಿಕ್ ಚೀಲದಾಗ ಹಾಕಿ ಇಡ್ರಿ.

ನಾ ಯಾವುದೂ ಓದಿಲ್ಲ, ಅಂಜಬ್ಯಾಡ್ರಿ. ಓದಿದ್ರ, ಕ್ಯಾಮೆರಾ ಟಾಕಿಯೊಳಗ ಒಗೀತೀನಿ ಅಂದಿದ್ದಕ್ಕ ಅಣ್ಣಾಗ ಎರಡು ಮಾತು ಅಂದಿರತಿದ್ದೆ. ಅದು ನಮ್ಮನಿಯವರ ಕ್ಯಾಮೆರಾ. ಅವರು ಹಿಂಜವಾಡಿ ಟ್ರಾಫಿಕ್ಕಿನ್ಯಾಗ ಅರ್ಧ ಆಯುಷ್ಯ ಕಳದು ತೊಗೊಂಡಿದ್ದು.

ಇಂದೂ


ಆಗಸ್ಟ್ 17, 2025

ಟಾಕಿ ಪ್ರಾಂತದ ಅಧಿಪತಿಗಳಿಗೆ,

ನಿಮ್ಮ ಷರತ್ತುಗಳ ಫಲವನ್ನು ವರದಿ ಮಾಡುತ್ತಿದ್ದೇನೆ. ಟಾಕಿಯ ಪಕ್ಕದಿಂದ ನೋಡಿದರೆ ಸಾಲಿನಲ್ಲಿ ಅರ್ಧ ಹುಡುಗಿಯರ ಮುಖ ಕಾಣುತ್ತದೆ, ಅರ್ಧ ಹುಡುಗಿಯರ ಜಡೆ. ಜಡೆಯವರ ತಾಯಂದಿರು ಈಗಲೇ ತಕರಾರು ತೆಗೆದಿದ್ದಾರೆ. ಸಾಲಿನ ಎರಡು ತುದಿಯ ಕಂಬಗಳಲ್ಲಿ ಬಲಗಡೆಯದರ ಮುಂದೆ ಸೈಕಲ್ ಸ್ಟ್ಯಾಂಡ್ ಅಡ್ಡ ಬರುತ್ತದೆ; ಹಾಗಾಗಿ ಎಡಗಡೆಯ ಕಂಬದ ಆಟವೊಂದೇ ನಮ್ಮ ಪಾಲಿಗೆ. ನಿಮ್ಮ ಮುಖ ತೆಗೆದಿಲ್ಲ. ಬೆನ್ನು ಮತ್ತು ಶಿಳ್ಳೆ ಹಿಡಿದ ಕೈ ತೆಗೆದಿದ್ದೇವೆ. ಬೆನ್ನಿಗೂ ಸಿಟ್ಟು ಬರುತ್ತದೆಂದು ನನಗೆ ಅಲ್ಲಿ ತಿಳಿಯಿತು.

ರಕ್ಷಿತಾ ಅಭ್ಯಾಸಕ್ಕೂ ಆ ಎಂಟನೇ ನಂಬರಿನ ಜರ್ಸಿ ಹಾಕಿಕೊಂಡೇ ಬರುತ್ತಾಳೆ. ಉಳಿದವರೆಲ್ಲ ಬಿಳಿ ಟೀ ಶರ್ಟ್. ಯಾರು ಹೇಳಿಕೊಟ್ಟರೋ, ನಾನು ಕೇಳಲಿಲ್ಲ. ಆದರೆ ಅವಳ ತಿರುವಿನ ಬಗ್ಗೆ ಕೇಳಿದೆ. ಕಂಬದ ಬಳಿ ಒಂದು ಕ್ಷಣ ನಿಂತಂತೆ ಮಾಡಿ ಜಾರಿಕೊಳ್ಳುವುದು ನನ್ನದೇ ಆಟ. ನಾನು ಬಲಕ್ಕೆ ಜಾರುತ್ತಿದ್ದೆ, ಅವಳು ಎಡಕ್ಕೆ. ಯಾಕೆ ಎಂದರೆ ಹೇಳುತ್ತಾಳೆ: “ಅಪ್ಪನ ಹೋಟ್ಲಲ್ಲಿ ಟೇಬಲ್ ಮಧ್ಯ ಓಡಿ ಓಡಿ ಅಭ್ಯಾಸ ಅಲ್ವಾ? ಬಲಗಡೆಯಿಂದ ಯಾವಾಗ್ಲೂ ಬಿಸಿ ಸಾಂಬಾರ್ ಬರ್ತಿರ್ತದೆ. ಕಾಲು ತನ್ನಷ್ಟಕ್ಕೇ ಎಡಕ್ಕೆ ಹೋಗ್ತದೆ ಮಾರಾಯ್ತಿ.” ಅವಳನ್ನು ದ್ವೇಷಿಸಬೇಕೆಂದು ಹೋಗಿದ್ದೆ. ಆಗಲಿಲ್ಲ. ಆ ಪಾಲನ್ನೂ ನಿಮ್ಮ ಲೆಕ್ಕಕ್ಕೇ ಸೇರಿಸಿದ್ದೇನೆ.

ವೆಬ್‌ಸೈಟನ್ನು ಎರಡನೇ ತರಗತಿಯ ಮಕ್ಕಳಿಗೆ ತೋರಿಸಿ ನೋಡಿದೆವು. ರಕ್ಷಿತಾ ಓಡುತ್ತಿದ್ದಂತೆ ಒಂದು ಹುಡುಗಿ ಎದ್ದು ನಿಂತು, “ಅಕ್ಕಾ, ಆಕಿ ಯಾಕ ಹಿಂದಕ್ಕ ಓಡಾಕತ್ತಾಳ?” ಎಂದಳು. ಉಳಿದವರೂ ಹೌದು ಹೌದು ಎಂದರು. ನನಗೆ ಮೊದಲು ತಿಳಿಯಲಿಲ್ಲ. ಆಮೇಲೆ ಹೊಳೆಯಿತು. ಆಗಷ್ಟೇ ಓದಲು ಕಲಿತ ಮಕ್ಕಳು. ಎಡದಿಂದ ಬಲಕ್ಕೆ ಹೋದರೆ ಮುಂದೆ, ಬಲದಿಂದ ಎಡಕ್ಕೆ ಹೋದರೆ ಹಿಂದೆ. ನಿಮ್ಮ ಟಾಕಿಯ ದಯೆಯಿಂದ ನಮ್ಮ ಎಲ್ಲ ಓಟಗಳೂ ಎಡಗಡೆಯ ಕಂಬಕ್ಕೇ ಹೋಗುತ್ತವೆ. ಅಮೇಯ ಕಂಪ್ಯೂಟರಿನಲ್ಲಿ ಏನೋ ಒತ್ತಿದ. ಎಲ್ಲರೂ ಎಡದಿಂದ ಬಲಕ್ಕೆ ಓಡತೊಡಗಿದರು. ಮಕ್ಕಳು ಚಪ್ಪಾಳೆ ತಟ್ಟಿದರು.

ಸ್ವಾತಂತ್ರ್ಯ ದಿನದಂದು ವೆಬ್‌ಸೈಟ್ ಶುರುವಾಯಿತು. ಬೂಂದಿ ಹಂಚುವ ಮೊದಲೇ ನೀವು ಎದ್ದು ಹೋದಿರಿ.

ಸುರಭಿ


ಆಗಸ್ಟ್ 21, 2025

ಸುರಭಿ,

ಶುರುವಾಯಿತು ಎಂದರೆ ಏನರ್ಥ? ಚಿತ್ರವೆಂದರೆ ಸ್ಪರ್ಧೆಗೆ ಹೋಗಿ, ಪ್ರಶಸ್ತಿ ಬಾರದೆ, ಕಪಾಟಿನಲ್ಲಿ ಕೂರುತ್ತದೆಂದು ತಿಳಿದಿದ್ದೆ. ವೆಬ್‌ಸೈಟ್ ಎಂದರೆ ಊರಿಗೆಲ್ಲ ಕಾಣುವಂಥದ್ದೆಂದು ಇಂದು ಸ್ಟಾಫ್ ರೂಮಿನಲ್ಲಿ ತಿಳಿಯಿತು.

ಈ ಜಿಲ್ಲೆಯಲ್ಲಿ ಯೆರವಡಾದ ತಂಡ ಎಂಬುದೊಂದಿದೆ. ನಾಲ್ಕು ವರ್ಷದಿಂದ ಕಪ್ಪು ಅವರ ಬಳಿಯೇ ಇದೆ. ಅವರ ಹುಡುಗಿಯರು ಆಡುವುದಕ್ಕಿಂತ ಹೆಚ್ಚು ನೋಡುತ್ತಾರೆ. ಈಗ ನೀನು ರಕ್ಷಿತಾಳ ತಿರುವನ್ನು ಹಿಡಿದು, ನಿಧಾನವಾಗಿ ತೋರಿಸಿ, ‘ಮತ್ತೊಮ್ಮೆ ನೋಡಿ’ ಎಂಬ ಗುಂಡಿಯನ್ನೂ ಇಟ್ಟಿದ್ದೀಯಂತೆ. ಶತ್ರುವಿಗೆ ಕೋಟೆಯ ಬಾಗಿಲು ತೋರಿಸುವವರನ್ನು ಕೇಳಿದ್ದೇನೆ. ಬಾಗಿಲಿಗೆ ಗುಂಡಿ ಇಟ್ಟವರನ್ನು ಇದೇ ಮೊದಲು ನೋಡುತ್ತಿದ್ದೇನೆ.

ಇಂದೇ ತೆಗೆದುಹಾಕು. ನಾನು ಆ ವೆಬ್‌ಸೈಟನ್ನು ನೋಡಿಲ್ಲ, ನೋಡುವುದೂ ಇಲ್ಲ.

ಮಧುಕರ


ಸೆಪ್ಟೆಂಬರ್ 4, 2025

ಶ್ರೀ ಮಧುಕರ ಮಾಸ್ತರರಿಗೆ,

ತೆಗೆಯುವುದಿಲ್ಲ. ಸ್ಪರ್ಧೆಯ ನಿಯಮದ ಪ್ರಕಾರ ಫೈನಲ್ ಮುಗಿಯುವವರೆಗೂ ಅದು ಇರಲೇಬೇಕು. ನೋಡಿದವರಲ್ಲಿ ಅರ್ಧದಷ್ಟು ಅಮೇಯನ ಅಜ್ಜಿ. ಅವರು ಭಜನೆ ಹುಡುಕಲು ಹೋಗಿ ದಿನವೂ ನಮ್ಮಲ್ಲಿಗೇ ಬರುತ್ತಾರೆ.

ನಿಮಗೆ ಭಯ ಇರುವುದು ಯೆರವಡಾದವರದ್ದಲ್ಲ. ಅಭ್ಯಾಸ ಮುಗಿದ ಮೇಲೆ ಹುಡುಗಿಯರೆಲ್ಲ ನೀರು ಕುಡಿಯಲು ಟಾಕಿಗೆ ಬರುತ್ತಾರೆ. ನೀವು ಮಾತ್ರ ನೀರಡಿಸಿದ್ದರೂ ಬರುವುದಿಲ್ಲ. ಯಾಕೆಂದರೆ ಅಲ್ಲಿ ನಾನಿರುತ್ತೇನೆ, ನನ್ನ ಬಳಿ ಆ ಪ್ರಶ್ನೆ ಇರುತ್ತದೆ. ಹೋದ ವರ್ಷ ಇಡೀ ಪಂದ್ಯ ಬೆಂಚಿನ ಮೇಲೆ ಕೂತು ನಾನು ನಿಮ್ಮ ಮುಖವನ್ನೇ ನೋಡುತ್ತಿದ್ದೆ. ಈಗ ಕರೆಯುತ್ತೀರಿ, ಈಗ ಕರೆಯುತ್ತೀರಿ ಎಂದು ಶೂ ಲೇಸ್ ಬಿಚ್ಚಿ ಬಿಚ್ಚಿ ಕಟ್ಟುತ್ತಿದ್ದೆ. ನೀವು ಒಮ್ಮೆಯೂ ಈ ಕಡೆ ತಿರುಗಲಿಲ್ಲ. ಸೋತೆವು. ಆಗಲೂ ತಿರುಗಲಿಲ್ಲ.

ಒಂದು ವಾಕ್ಯ ಸಾಕು. ಕ್ಯಾಮೆರಾ ಬೇಡವಾದರೆ ಬೇಡ. ಡಬ್ಬಿಯಲ್ಲಿಡಿ. ಯಾಕೆ ಕೂರಿಸಿದಿರಿ?

ಸುರಭಿ


ಸೆಪ್ಟೆಂಬರ್ 5, 2025

ಸುರಭಿಗೆ,

ಹೇಳುವುದಿಲ್ಲ. ಶಿಕ್ಷಕರ ದಿನದ ಶುಭಾಶಯಗಳು ನನಗೆ.

ಮಧುಕರ


ಅಕ್ಟೋಬರ್ 12, 2025

ಸುರಭಿ,

ನಿನ್ನೆ ಗೆದ್ದೆವು. ನೀನು ಆಚೆ ಬದಿಯ ಗ್ಯಾಲರಿಯಲ್ಲಿ ಕ್ಯಾಮೆರಾ ಹಿಡಿದು ನಿಂತಿದ್ದೆ. ನಾನು ಈ ಸಲವೂ ತಿರುಗಲಿಲ್ಲವೆಂದು ಬರೆಯಬೇಡ. ತಿರುಗಿದ್ದೆ, ನೀನು ಆಗ ಬ್ಯಾಟರಿ ಬದಲಿಸುತ್ತಿದ್ದೆ.

ಯೆರವಡಾದ ಹುಡುಗಿಯರು ಕಂಬದ ಬಳಿ ಬಲಕ್ಕೆ ಹಾರಿ ಮಣ್ಣು ತಬ್ಬಿಕೊಂಡದ್ದನ್ನು ನೀನೂ ನೋಡಿದೆ. ರಕ್ಷಿತಾ ಎಡಕ್ಕೆ ಹೋಗಿರುತ್ತಿದ್ದಳು. ಒಬ್ಬಳಲ್ಲ, ಬಂದವರೆಲ್ಲ ಬಲಕ್ಕೇ ಹಾರಿದರು. ನನಗೇ ಕನಿಕರ ಬಂತು. ಪಂದ್ಯ ಮುಗಿದ ಮೇಲೆ ಅವರ ಮಾಸ್ತರ ಬಂದು ನನ್ನ ಕೈ ಕುಲುಕಿದ. “ಸರ್, ತುಮಚಿ ವೆಬ್‌ಸಾಯ್ಟ್ ಲಯ್ ಭಾರೀ. ಆಮಚ್ಯಾ ಪೋರೀ ರೋಜ್ ಬಘತ್ ಹೋತ್ಯಾ” ಎಂದ. ನಮ್ಮ ವೆಬ್‌ಸೈಟ್ ಭರ್ಜರಿಯಂತೆ, ಅವನ ಹುಡುಗಿಯರು ಅದನ್ನು ದಿನವೂ ನೋಡುತ್ತಿದ್ದರಂತೆ. ಆಮೇಲೆ ನನ್ನನ್ನು ದೊಡ್ಡ ಮೋಸಗಾರನೆಂಬಂತೆ ನೋಡಿ, ಗೌರವದಿಂದ ಹೊರಟುಹೋದ.

ರಾತ್ರಿ ಡಬ್ಬಿ ತಂದ ಇಂದೂಳ ಫೋನನ್ನು ಕಸಿದುಕೊಂಡು ನಿನ್ನ ವೆಬ್‌ಸೈಟ್ ನೋಡಿದೆ. ಮೊದಲು ಕಂಡದ್ದು ನನ್ನ ಕೈಗಡಿಯಾರ. ಹುಟ್ಟಾ ಎಡಗೈಯಲ್ಲಿ ಇರುವಂಥದ್ದು ಬಲಗೈಯಲ್ಲಿತ್ತು. ಬೇವಿನ ಮರ ರಾತ್ರೋರಾತ್ರಿ ನಡೆದು ಮೈದಾನದ ಇನ್ನೊಂದು ಮೂಲೆಗೆ ಹೋಗಿತ್ತು. ಆಗ ತಿಳಿಯಿತು, ನಿನ್ನ ಅಮೇಯ ಒತ್ತಿದ್ದು ಏನನ್ನು ಎಂದು. ಚಿತ್ರವನ್ನು ಕನ್ನಡಿಯಲ್ಲಿ ನೋಡಿದಂತೆ ಮಗುಚಿ ಹಾಕಿದ್ದೀರಿ. ಬೇರೆ ಯಾವ ನಂಬರಿದ್ದರೂ ಉಲ್ಟಾ ಕಂಡು ಸಿಕ್ಕಿಬೀಳುತ್ತಿತ್ತು. ಎಂಟನ್ನು ಎತ್ತ ತಿರುಗಿಸಿದರೂ ಎಂಟೇ.

ಅಷ್ಟರಲ್ಲಿ ಆ ಎಂಟು ಓಡಿ ಬಂತು. ಕಂಬದ ಬಳಿ ನಿಂತಂತೆ ಮಾಡಿ ಬಲಕ್ಕೆ ಜಾರಿತು. ಇಂದೂ ಬಗ್ಗಿ ನೋಡಿ, “ಅಯ್ಯ, ಇದು ನಮ್ಮ ಸುರಭಿ ಅಲ್ಲೇನು?” ಎಂದಳು. ನನಗೂ ಹಾಗೇ ಅನ್ನಿಸಿತ್ತು.

ಯೆರವಡಾದವರಿಗೂ ಹಾಗೇ ಅನ್ನಿಸಿದ್ದರೆ ಆಶ್ಚರ್ಯವಿಲ್ಲ. ನಿನ್ನ ತಿರುವು ಅವರಿಗೆ ಬಾಯಿಪಾಠ. ಹೋದ ವರ್ಷ ಸೆಮಿಫೈನಲ್‌ನಲ್ಲಿ ನೀನು ಆಡುವಾಗ ಅವರ ಇಡೀ ತಂಡ ಗ್ಯಾಲರಿಯಲ್ಲಿ ಕೂತು ನಿನ್ನ ಕಾಲನ್ನು ಮಾತ್ರ ನೋಡುತ್ತಿತ್ತು. ಒಬ್ಬಳು ಗಾಳಿಯಲ್ಲಿ ಬೆರಳಿನಿಂದ ನಿನ್ನ ತಿರುವನ್ನು ಬರೆದು ಪಕ್ಕದವಳಿಗೆ ಕಲಿಸುತ್ತಿದ್ದಳು. ನಾನು ನೋಡಿದೆ. ಮರುದಿನ ನಿನ್ನನ್ನು ಇಳಿಸಿದ್ದರೆ ಕಂಬದ ಬುಡದಲ್ಲೇ ಹಿಡಿಯುತ್ತಿದ್ದರು, ನಗುತ್ತಾ ಹಿಡಿಯುತ್ತಿದ್ದರು. ಅದಕ್ಕೇ ಕೂರಿಸಿದೆ.

ಇದು ನಿನ್ನ ಪ್ರಶ್ನೆಗೆ ಉತ್ತರ. ಕ್ಷಮೆ ಕೇಳುತ್ತಿದ್ದೇನೆಂದು ಭ್ರಮಿಸಬೇಡ. ಅದೇ ಪಂದ್ಯ ಮತ್ತೆ ಬಂದರೆ ಮತ್ತೆ ಕೂರಿಸುತ್ತೇನೆ.

ಮಧುಕರ


ಅಕ್ಟೋಬರ್ 14, 2025

ಮಧುಕರ ಮಾಸ್ತರರೇ,

ಕೂರಿಸಿದ್ದಕ್ಕೆ ಈಗ ಸಿಟ್ಟಿಲ್ಲ. ನಾನೇ ತರಬೇತುದಾರಳಾಗಿದ್ದರೂ ಕೂರಿಸುತ್ತಿದ್ದೆ. ಆದರೆ ನೀವು ನನ್ನ ಪಕ್ಕದಲ್ಲೇ ನಿಂತಿದ್ದಿರಿ. ಬಗ್ಗಿ ಕಿವಿಯಲ್ಲಿ ‘ಅವರಿಗೆ ನಿನ್ನ ತಿರುವು ಗೊತ್ತಾಗೇದ’ ಎನ್ನಲು ಎಷ್ಟು ಉಸಿರು ಬೇಕಿತ್ತು? ಶಿಳ್ಳೆಗೆ ಅದಕ್ಕಿಂತ ಹೆಚ್ಚು ಖರ್ಚು ಮಾಡುತ್ತೀರಿ. ನಾನು ನಿಧಾನವಾದೆನೆಂದು ತಿಳಿದೆ. ಕಾಲು ಕೆಟ್ಟಿತೆಂದು ತಿಳಿದೆ. ನಮ್ಮ ಮನೆಯ ಮಿಕ್ಸರ್ ಬೆಳಿಗ್ಗೆ ಐದೂವರೆಗೆ ಯಾಕೆ ತಿರುಗುತ್ತದೆಂದು ಈಗಲಾದರೂ ಹೊಳೆಯಿತೇ?

ಅದಿರಲಿ. ಇನ್ನೊಂದು ವಿಷಯ. ಭೋರ್‌ನ ಒಂದು ಶಾಲೆಯ ಉಮಾವತಿ ಟೀಚರ್ ತಮ್ಮ ಪುಟ್ಟ ಹುಡುಗಿಯರನ್ನು ಕರೆದುಕೊಂಡು ಫೈನಲ್ ನೋಡಲು ಬಂದಿದ್ದರು. ಆ ಮಕ್ಕಳು ನಮ್ಮ ವೆಬ್‌ಸೈಟ್ ನೋಡಿ ‘ರಕ್ಷಿತಾತಾಯಿಯ ತಿರುವು’ (ಮರಾಠಿಯಲ್ಲಿ ತಾಯಿ ಎಂದರೆ ಅಕ್ಕ) ಕಲಿತಿದ್ದಾರೆ, ಎಲ್ಲರೂ ಬಲಕ್ಕೆ. ಗ್ಯಾಲರಿಯಲ್ಲಿ ನನ್ನ ಮುಂದೆ ನಿಂತು ತಿರುಗಿ ತಿರುಗಿ ತೋರಿಸಿದರು. ಪಂದ್ಯದಲ್ಲಿ ರಕ್ಷಿತಾ ಎಡಕ್ಕೆ ಹೋದದ್ದೇ ತಡ, ಒಬ್ಬಳು ನನ್ನ ಕುರ್ತಾ ಜಗ್ಗಿ ಕೇಳಿದಳು: “ತಾಯಿ, ಖೋಟಂ ಕುಠಲಂ? ಹೇ ಕೀ ತೇ?” ಸುಳ್ಳು ಯಾವುದು, ಇದೋ ಅದೋ ಎಂದು. ಆ ಹೊತ್ತಿಗೆ ನನಗೇ ತಿಳಿಯದೆ ಏನೋ ಗೊಣಗಿದೆ. ನಿಮ್ಮ ಪತ್ರ ಓದಿದ ಮೇಲೆ ಉತ್ತರ ತಿಳಿಯಿತು: ಸುಳ್ಳು ನನ್ನದು.

ಹಾಗಾಗಿ ಈ ವಾರದಲ್ಲೇ ಎಲ್ಲ ವಿಡಿಯೊಗಳನ್ನು ಸರಿಯಾಗಿ ತಿರುಗಿಸಿ ಹಾಕುತ್ತೇವೆ. ಯಾಕೆ ಮಗುಚಿದ್ದೆವೆಂದು ಕೆಳಗೆ ಬರೆಯುತ್ತೇವೆ. ಹಿಂದಕ್ಕೆ ಓಡಿದಂತೆ ಕಂಡರೂ ಪರವಾಗಿಲ್ಲ.

ಸುರಭಿ


ಅಕ್ಟೋಬರ್ 15, 2025

ಸುರಭಿ,

ಮುಟ್ಟಬೇಡ!

ಮುಂದಿನ ತಿಂಗಳು ವಿಭಾಗದ ಪಂದ್ಯಗಳಿವೆ. ಸೊಲ್ಲಾಪುರದವರು ಬರುತ್ತಾರೆ. ಅವರೂ ಓದು ಬಲ್ಲವರು, ಅವರಿಗೂ ಫೋನ್ ಇದೆ. ಜೀವಮಾನದಲ್ಲಿ ಮೊದಲ ಬಾರಿಗೆ ನಿನ್ನಿಂದ ಈ ತಂಡಕ್ಕೆ, ನೀನು ಆಡದೆ, ನಿನಗೇ ತಿಳಿಯದೆ, ಒಂದು ಉಪಕಾರವಾಗಿದೆ. ಅದನ್ನು ತಿದ್ದಲು ಇಷ್ಟೇಕೆ ಅವಸರ? ಭೋರ್‌ನ ಮಕ್ಕಳಿಗೆ ಡಿಸೆಂಬರ್‌ನಲ್ಲಿ ತಿಳಿಸಿದರಾಯಿತು. ಸತ್ಯವೇನು ಹಾಲೇ, ಹೊರಗಿಟ್ಟರೆ ಕೆಡಲು?

ಮಧುಕರ


ಅಕ್ಟೋಬರ್ 16, 2025

ಮಾಸ್ತರರೇ,

ಆಗಲೇ ಸರಿಪಡಿಸಿ ಆಯಿತು. ನಿನ್ನೆ ಸಂಜೆ ಡಬ್ಬಿ ಮೇಲೆ ಬರುವ ಮೊದಲೇ.

ನನಗೂ ನೀವು ಮಾಡಿದ್ದು ಅದನ್ನೇ. ಕೆಡುವುದಿಲ್ಲವೆಂದು ಒಂದು ವರ್ಷ ಮುಚ್ಚಿಟ್ಟಿರಿ. ಮುಚ್ಚಳ ತೆಗೆದು ಮೂಸಿ ನೋಡಿ.

ಸುರಭಿ


ಅಕ್ಟೋಬರ್ 19, 2025

ಸುರಭಿಗೆ,

ಮೂಸಿ ನೋಡಿದೆ.

ಮೂರು ದಿನದಿಂದ ಡಬ್ಬಿಯನ್ನು ಕಾಗದವಿಲ್ಲದೆ ಕಳಿಸುತ್ತಿದ್ದೇನೆಂದು ಇಂದೂ ಗಾಬರಿಯಾಗಿ ಕೆಳಗೆ ಬಂದಳು. “ಅಣ್ಣಾ, ಆರಾಮ ಅದೀಯಿಲ್ಲೋ? ಬೈಗಳಾ ತೀರ್ಯಾವೇನು?” ಎಂದು ಕೇಳಿ, ಹಣೆ ಮುಟ್ಟಿ ನೋಡಿ ಹೋದಳು. ಬೈಗಳು ತೀರಿಲ್ಲ. ಸಮಯ ಬೇಕಿತ್ತು. ನಾನು ಯೋಚನೆ ಮಾಡುತ್ತಿದ್ದೆ, ಆ ಕೆಲಸದಲ್ಲಿ ನನಗೆ ರೂಢಿ ಕಡಿಮೆ.

ನಿನ್ನ ಪ್ರಾಮಾಣಿಕತೆಯ ದೆಸೆಯಿಂದ ಇನ್ನು ರಕ್ಷಿತಾಳ ಎಡ ತಿರುವು ಲೋಕಕ್ಕೆಲ್ಲ ಗೊತ್ತು. ಒಬ್ಬಳೇ ಇದ್ದರೆ ಸೊಲ್ಲಾಪುರದವರು ಅವಳನ್ನು ಕಂಬದ ಬುಡದಲ್ಲೇ ಹಿಡಿಯುತ್ತಾರೆ. ಹಾಗೆಂದು ಈ ಸಲ ಅವಳನ್ನೂ ಬೆಂಚಿನ ಮೇಲೆ ಕೂರಿಸಿ ಇನ್ನೊಂದು ವರ್ಷ ಇನ್ನೊಂದು ಮನೆಯ ಡಬ್ಬಿಯಲ್ಲಿ ಬೈಸಿಕೊಳ್ಳುವ ಶಕ್ತಿ ನನಗಿಲ್ಲ. ಇಬ್ಬರು ಒಟ್ಟಿಗೆ ಓಡಬೇಕು. ಒಬ್ಬಳ ಎಡ ಗೊತ್ತು, ಇನ್ನೊಬ್ಬಳ ಬಲ ಗೊತ್ತು. ಬೆನ್ನಟ್ಟುವವಳು ಯಾರ ಹಿಂದೆ ಇದ್ದೇನೆಂದು ಯೋಚಿಸುವಷ್ಟರಲ್ಲಿ ಕಂಬ ದಾಟಿರುತ್ತದೆ. ಆಮೇಲೆ ನೀನು ಅವಳಿಂದ ಎಡ ಕಲಿ, ಅವಳು ನಿನ್ನಿಂದ ಬಲ ಕಲಿಯಲಿ. ಬಿಸಿ ಸಾಂಬಾರಿನ ವಿಷಯ ಅವಳಪ್ಪನ ಹತ್ತಿರ ನಾನು ಮಾತಾಡುತ್ತೇನೆ.

ನೀನು ನಿಧಾನವಾಗಿಲ್ಲ. ಛಾವಣಿ ನನ್ನದು, ನನಗೆ ಗೊತ್ತು. ಜೂನ್‌ನಲ್ಲಿ ನಿಮ್ಮ ಮಿಕ್ಸರ್ ನಡುನಡುವೆ ನಿಂತು ದಮ್ಮು ತೆಗೆದುಕೊಳ್ಳುತ್ತಿತ್ತು. ಈಗ ನಿಲ್ಲುವುದಿಲ್ಲ.

ದೀಪಾವಳಿ ಮುಗಿದ ಸೋಮವಾರ ಬೆಳಿಗ್ಗೆ ಮೈದಾನಕ್ಕೆ ಬಾ. ಕ್ಯಾಮೆರಾ ಅಮೇಯನ ಕೈಯಲ್ಲಿರಲಿ. ಅವನು ಎಲ್ಲಿ ಬೇಕಾದರೂ ನಿಲ್ಲಲಿ, ಟಾಕಿ ಸುತ್ತಿ ಆಚೆ ಬದಿಗೂ ಹೋಗಲಿ, ಜಡೆಯವರ ತಾಯಂದಿರಿಗೂ ಸಮಾಧಾನವಾಗಲಿ. ಒಂದು ಮಾತು: ಯಾರೂ ಖೋ ಕೊಡದೆ ನೀನು ಎದ್ದೆ ಎಂದು ಬರೆದಿದ್ದೆ. ಡಬ್ಬಿಯಲ್ಲಿಟ್ಟು ಕಳಿಸಿದ ಖೋ ನಿಯಮಕ್ಕೆ ವಿರುದ್ಧ. ಬೆನ್ನ ಹಿಂದೆ ನಿಂತು, ಎಲ್ಲರಿಗೂ ಕೇಳುವ ಹಾಗೆ ಕೊಡಬೇಕು. ಅದನ್ನು ಸೋಮವಾರಕ್ಕೆ ಇಟ್ಟಿದ್ದೇನೆ.

ಜರ್ಸಿಗಾಗಿ ಜಗಳ ತೆಗೆಯಬೇಡ. ಎಂಟು ರಕ್ಷಿತಾಳದ್ದೇ. ಹನ್ನೊಂದು ಖಾಲಿ ಇದೆ. ಅದನ್ನೂ ಕನ್ನಡಿಯಲ್ಲಿ ಹಿಡಿದು ನೋಡಿದೆ. ಹನ್ನೊಂದೇ.

ಮಾಮಾ